ಬಾದಾಮಿ ಬಂಡೆಯಿಂದ ಬನಶಂಕರಿ ಜಾತ್ರೆಯ ನಾಟಕದವರೆಗೆ

ಬಾದಾಮಿಯ ತಟ್ಟುಕೋಟೆ ಗುಡ್ಡದ ಬಂಡೆಯ ಮೇಲೆ ಕಪ್ಪೆ ಅರಭಟ್ಟನೆಂಬ ವೀರನ ಗುಣಚಿತ್ರವಿದೆ. ಸುಮಾರು ಕ್ರಿ.ಶ. 700ರ ಹೊತ್ತಿಗೆ ಕೆತ್ತಿದ ಈ ಶಾಸನ ಎರಡು ಭಾಷೆಗಳಲ್ಲಿ ಮಾತಾಡುತ್ತದೆ. ಮಾನ ಹೋಗುವುದಕ್ಕಿಂತ ಪ್ರಾಣ ಹೋಗುವುದು ಲೇಸೆಂಬ ನೀತಿ ಸಂಸ್ಕೃತ ಶ್ಲೋಕದಲ್ಲಿದೆ. ಆತ ಒಳ್ಳೆಯವರಿಗೆ ಎಂಥವನು, ಕೆಣಕಿದವರಿಗೆ ಎಂಥವನು ಎಂಬುದು ಬಂದಿರುವುದು ಕನ್ನಡ ತ್ರಿಪದಿಯಲ್ಲಿ. ಈ ಸೀಮೆಯ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಕೂತು ಹಾಡಿದ್ದೂ ಅದೇ ತ್ರಿಪದಿಯ ಮಟ್ಟನ್ನೇ.

ನೀತಿಗೆ ಗ್ರಂಥದ ಭಾಷೆ, ಮನುಷ್ಯನಿಗೆ ಮನೆಯ ಭಾಷೆ ಎಂಬ ಈ ಹಂಚಿಕೆಯನ್ನು ಮುರಿದವರು 12ನೆಯ ಶತಮಾನದ ಶರಣರು. ಹುನಗುಂದದ ಬದಿಯ ಕೂಡಲಸಂಗಮದಲ್ಲಿ ಓದಿ ಬೆಳೆದ ಬಸವಣ್ಣ ನೀತಿಯನ್ನೂ ಆಡುಮಾತಿಗೆ ತಂದ. ಬೇರೆ ಬೇರೆ ಕಾಯಕದವರು ತಂತಮ್ಮ ದನಿಯಲ್ಲೇ ವಚನ ಹೇಳಿದರು. ಅಂಬಿಗರ ಚೌಡಯ್ಯನ ವಚನವನ್ನು ಅಂಕಿತ ನೋಡುವ ಮೊದಲೇ ಅದರ ಬಿರುಸಿನಿಂದ ಗುರುತಿಸಬಹುದು.

ದನಿಯಿಂದಲೇ ಆಳನ್ನು ಗುರುತಿಸುವ ಈ ಗುಣ ರಂಗದಲ್ಲೂ ಕಾಣುತ್ತದೆ. ಬಾಗಲಕೋಟೆ ಸೀಮೆಯ ಅಚ್ಚುಮೆಚ್ಚಿನ ಆಟ ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣ ಬರೆದ, ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿದ ಈ ಆಟದ ಹಾಡುಗಳು ಮೊದಲೇ ಕಟ್ಟಿಟ್ಟವು. ಮಾತು ಬಹುಪಾಲು ಆಯಾ ರಾತ್ರಿ ಹುಟ್ಟುವುದು. ಹಾಡಿನಲ್ಲಿ ದ್ವಾರಕೆಯ ರಾಣಿಯಾಗಿರುವ ಸತ್ಯಭಾಮೆ, ಆಟ ನಡೆಸುವ ಭಾಗವತ ಕೆಣಕಿ ಮಾತಿಗೆ ಎಳೆದ ಕೂಡಲೇ ಇಲ್ಲಿಯದೇ ಒಂದು ದೊಡ್ಡಮನೆಯ ಹಟಮಾರಿ ಸೊಸೆಯಾಗುತ್ತಾಳೆ. ಅವಳ ಸೊಕ್ಕು ತಿಳಿಯಲು ಪುರಾಣ ಓದಬೇಕಿಲ್ಲ, ಕಿವಿ ಇದ್ದರೆ ಸಾಕು.

ಈ ಕಿವಿಯನ್ನೇ ನಂಬಿ ಬೆಳೆದದ್ದು ಕಂಪನಿ ನಾಟಕ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿಯಲ್ಲಿ ತೇರು ಎಳೆದ ಮೇಲೆ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ಹಲವು ಕಂಪನಿಗಳು ಅಕ್ಕಪಕ್ಕದಲ್ಲೇ ಕ್ಯಾಂಪ್ ಹಾಕಿ ರಾತ್ರಿಯಿಡೀ ಆಡುತ್ತವೆ. ಪೌರಾಣಿಕ ನಾಟಕಗಳಲ್ಲಿ ರಾಜ ಗ್ರಾಂಥಿಕವಾಗಿ ಗರ್ಜಿಸಿದರೆ, ಆಡುಮಾತು ಸಿಗುತ್ತಿದ್ದದ್ದು ಸೇವಕನಿಗೆ, ಹಾಸ್ಯದವನಿಗೆ. ಸಾಮಾಜಿಕ ನಾಟಕಗಳು ಬಂದ ಮೇಲೆ ಆ ಮಾತು ನಡುಮನೆಗೆ ಬಂತು. ಇಳಕಲ್ ಸೀರೆ ಉಟ್ಟು, ಗುಳೇದಗುಡ್ಡದ ಖಣ ತೊಟ್ಟ ತಾಯಿ, ಅತ್ತೆ, ಸೊಸೆಯರ ಬಾಯಲ್ಲಿ ಕುಂತಿತು.

ಇಲ್ಲಿಯ ಮಾತಿನಲ್ಲಿ ಒಂದು ಕ್ರಿಯಾಪದವೇ ಮನೆತನ ಹೇಳುತ್ತದೆ. ‘ಐತಿ’ ಎನ್ನುವವನು ಹೊಲಮನೆಯವನಾದರೆ, ‘ಅದ’ ಎನ್ನುವವರದು ಹೆಚ್ಚಾಗಿ ಅಗ್ರಹಾರದ ಮನೆ. ‘ಬರ್ರಿ, ಕುಂದರ್ರಿ’ ಎಂದು ಕೈಮುಗಿದವನು ಸಾಲದ ಮಾತು ಬಂದಾಗ ‘ಬಾ, ಕುಂದರು’ ಎಂದು, ಜಗಳ ಹತ್ತಿದಾಗ ‘ಬಾರಲೇ’ ಎಂದರೆ ಮೂರು ಹೆಜ್ಜೆಯಲ್ಲಿ ಅವನ ಬಣ್ಣ ಬಯಲು. ನಾಟಕದ ಕವಿ ಬೇರೆ ವಿವರಣೆ ಕೊಡುವ ಅಗತ್ಯವೇ ಇಲ್ಲ.

ಹುನಗುಂದ ಸೀಮೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿ ಇಂಥ ಕವಿ. ಅವರ ‘ಸಂಪತ್ತಿಗೆ ಸವಾಲ್’ ಕಂಪನಿಗಳಲ್ಲಿ ಮೆರೆದು, 1974ರಲ್ಲಿ ರಾಜ್‌ಕುಮಾರ್ ಅಭಿನಯದ ಸಿನಿಮಾ ಆಯಿತು. ಕತೆ ತೆರೆಗೆ ಏರಿದಾಗ ಪಾತ್ರಗಳ ನುಡಿ ದಕ್ಷಿಣದ ಹಳ್ಳಿಯದಾಯಿತು. ಸಿರಿವಂತಿಕೆಗೆ ಸವಾಲು ಹಾಕುವ ಕಸುವು ಉಳಿಯಿತು. ಕೃಷ್ಣಾ-ಮಲಪ್ರಭೆಯ ಸೀಮೆಯ ಊರು ಮರೆಯಾಯಿತು.

ಅಚ್ಚಾದ ನಾಟಕಗಳಲ್ಲಿ ಕವಿ ಬರೆದದ್ದು ಸಿಗುತ್ತದೆ. ನಟರು ಊರು ನೋಡಿ, ಪ್ರೇಕ್ಷಕರನ್ನು ನೋಡಿ ಸೇರಿಸಿದ ಮಾತು ಸಿಗುವುದಿಲ್ಲ. ಅದಿರುವುದು ಹಿರಿಯ ಕಲಾವಿದರ ನಾಲಿಗೆಯಲ್ಲಿ. ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ಅವರನ್ನು ಕೂಡಿಸಿ ಆ ಮಾತನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸಕ್ಕೆ ತಡಮಾಡಬಾರದು. ಓದುಗರೂ ಮುಂದಿನ ಬನದ ಹುಣ್ಣಿಮೆಗೆ ಬನಶಂಕರಿಗೆ ಹೋದಾಗ, ದೇವಿಯ ದರ್ಶನ ಮುಗಿಸಿ, ಒಂದು ನಾಟಕದ ಟಿಕೆಟ್ ಕೊಂಡು ಒಳಗೆ ಕೂಡಲಿ.