ಅರಗು

ಅರಗು (ನಾಮಪದ): ಜಾಲಾರಿ, ಮುತ್ತುಗದಂಥ ಮರಗಳ ಎಳೆಗೊಂಬೆಗಳ ಮೇಲೆ ಪುಟ್ಟ ಕೀಟಗಳು ಸ್ರವಿಸುವ ಅಂಟು.

ತುಳುವಿನಲ್ಲೂ ಇದು ಅರಗು. ತಮಿಳು, ಮಲಯಾಳಂಗಳಲ್ಲಿ ಅರಕ್ಕು. ಸಂಸ್ಕೃತದಲ್ಲಿ ಲಾಕ್ಷಾ. ಪಾಂಡವರನ್ನು ಸುಡಲು ಕಟ್ಟಿದ ಲಾಕ್ಷಾಗೃಹ ನಮಗೆ ಅರಗಿನ ಮನೆ. ಲಾಕ್ಷಾ ಶಬ್ದ ಪ್ರಾಕೃತ, ಪಾರಸಿ, ಅರಬ್ಬಿಗಳನ್ನು ಹಾದು ಇಟಲಿಯಲ್ಲಿ ‘ಲಾಕ್ಕಾ’ ಆಯಿತು.

ದಿನಬಳಕೆಗೂ ಈ ಪದ ಹೊಸದಲ್ಲ. ಅಕ್ಕಸಾಲಿಗ ಟೊಳ್ಳು ಒಡವೆಗೆ ಅರಗು ತುಂಬುತ್ತಾನೆ, ಲಕೋಟೆಗೆ ಅರಗಿನ ಮುದ್ರೆ ಬೀಳುತ್ತದೆ, ಚನ್ನಪಟ್ಟಣದ ಬೊಂಬೆ ಅರಗಿನಿಂದಲೇ ಹೊಳೆಯುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯ ಹೆಸರಲ್ಲೂ ಅರಗಿತ್ತು. ಇಂದು ಅದು ಮೈಸೂರು ಬಣ್ಣ ಮತ್ತು ಅರಗು ಕಾರ್ಖಾನೆ. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಯದೇ.

ಅರಗು ಬಣ್ಣಕ್ಕೆ ಮೆರುಗು ಕೊಡುವ ಲೇಪವೂ ಹೌದು; ಹಾಗಾಗಿ ಹಳೆಯ ಯುದ್ಧವಿಮಾನಗಳ ಮಾದರಿ ಮಾಡುವವರಿಗೆ ಈ ಪದ ಒಂದು ಪಾಠ ಹೇಳುತ್ತದೆ. ಮೊದಲ ಮಹಾಯುದ್ಧದ ಇಟಲಿಯ ವಿಮಾನಗಳ ರೆಕ್ಕೆ ಬಟ್ಟೆಯದು, ಅದರ ಮೇಲೆ ಮೆರುಗಿನ ಲೇಪ; ಅಡಿಭಾಗದಲ್ಲಿ ಹಲವಕ್ಕೆ ಹಸಿರು, ಕೆಂಪು ಬಳಿದಿರುತ್ತಿತ್ತು. ಲೇಪ ಕಾಲಕ್ರಮೇಣ ಹಳದಿಗಟ್ಟುತ್ತದೆ. ಅಂದಿನ ಕ್ಯಾಮೆರಾ ಫಿಲ್ಮಿಗೆ ಕೆಂಪು ಸರಿಯಾಗಿ ಕಾಣದೆ, ಚಿತ್ರದಲ್ಲಿ ಕಪ್ಪಾಗಿ ಮೂಡುತ್ತಿತ್ತು. ಆದ್ದರಿಂದ ಹಳೆಯ ವಿಮಾನವನ್ನೋ ಅದರ ಚಿತ್ರವನ್ನೋ ನೋಡುವಾಗ ಬರಿಯ ಬಣ್ಣವನ್ನಲ್ಲ, ಅದರ ಮೇಲಿನ ಲೇಪವನ್ನೂ ಓದಬೇಕು. ಬಣ್ಣ ಕಣ್ಣಿಗೆ, ಲೇಪ ಬಾಳಿಕೆಗೆ. ಎರಡನ್ನೂ ತಿಳಿದವರಿಗೇ ಹಳೆಯ ವಸ್ತು ನಿಜ ರೂಪದಲ್ಲಿ ದಕ್ಕುತ್ತದೆ.