ಬೇಗೂರಿನ ನಾಗತ್ತರ: ಬೆಂಗಳೂರಿನ ಹೆಸರನ್ನು ಉಳಿಸಿಕೊಟ್ಟ ಗಂಗರ ಸಾಮಂತ

ನಾಗತ್ತರನು 9ನೇ ಶತಮಾನದ ಕೊನೆಯ ಭಾಗದಲ್ಲಿ ಬೇಗೂರು ಸೀಮೆಯನ್ನು ಆಳಿದ ಸಾಮಂತ. ತಲಕಾಡಿನ ಗಂಗರ ಅರಸ ಎರೆಯಪ್ಪರಸನಿಗೆ ಅಧೀನನಾಗಿದ್ದನು. ಬೆಂಗಳೂರೆಂಬ ಸ್ಥಳನಾಮ ದೊರೆಯುವ ಅತ್ಯಂತ ಹಳೆಯ ದಾಖಲೆ ಇವನ ಮನೆತನಕ್ಕೆ ಸೇರಿದ್ದು. ಆದರೂ ನಗರದ ಚರಿತ್ರೆಯನ್ನು 1537ರಲ್ಲಿ ಕೆಂಪೇಗೌಡರು ಕಟ್ಟಿದ ಕೋಟೆಯಿಂದಲೇ ಆರಂಭಿಸುವ ರೂಢಿಯಿರುವುದರಿಂದ ನಾಗತ್ತರನ ಹೆಸರನ್ನು ಕೇಳಿದವರು ಕಡಿಮೆ.

ಹೊಸೂರು ರಸ್ತೆ ಮತ್ತು ಬನ್ನೇರುಘಟ್ಟ ರಸ್ತೆಗಳ ನಡುವೆ, ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದಲ್ಲಿರುವ ಬೇಗೂರು ಶಾಸನಗಳಲ್ಲಿ 'ಬೆಂಪೂರು' ಎಂದು ಕಾಣಿಸುತ್ತದೆ. ಊರಿನ ಪಂಚಲಿಂಗ ನಾಗೇಶ್ವರ ದೇವಾಲಯದ ಸಂಕೀರ್ಣದಲ್ಲಿ ಗಂಗರ ಕಾಲದ ಗುಡಿಗಳೊಂದಿಗೆ ಚೋಳರ ಕಾಲದ ಗುಡಿಗಳೂ ಇವೆ. ನಾಗತ್ತರನ ಕುಟುಂಬದ ಬಗ್ಗೆ ತಿಳಿದಿರುವುದೆಲ್ಲ ಈ ಪರಿಸರದ ಕಲ್ಲುಗಳಿಂದಲೇ. ಅವನ ಮಗಳು ತೊಂಡಬ್ಬೆ ಜೈನ ವ್ರತದಂತೆ ದೇಹತ್ಯಾಗ ಮಾಡಿದ ಸಂಗತಿಯನ್ನು ಒಂದು ಶಾಸನ ಹೇಳುತ್ತದೆ. ಶಿವಾಲಯದ ಊರಿನ ಮನೆತನವೊಂದರಲ್ಲಿ ಜೈನ ವ್ರತನಿಷ್ಠೆ ಇದ್ದುದು ಗಂಗರ ನಾಡಿನಲ್ಲಿ ಅಚ್ಚರಿಯ ಸಂಗತಿಯೇನೂ ಅಲ್ಲ.

ಹೆಚ್ಚು ಚರ್ಚೆಗೆ ಒಳಗಾಗಿರುವುದು ಮತ್ತೊಂದು ಕಿರುಶಾಸನ. ಸುಮಾರು ಕ್ರಿ.ಶ. 890ರದೆಂದು ವಿದ್ವಾಂಸರು ಊಹಿಸಿರುವ ಈ ಹಳಗನ್ನಡ ಬರಹವು 'ಬೆಂಗಳೂರು ಕಾಳಗ'ವನ್ನು ಹೆಸರಿಸುತ್ತದೆ. ನಾಗತ್ತರನ ಮಗ ಬುಟ್ಟಣಸೆಟ್ಟಿ, ಮನೆಯ ಆಳು ಪೆರ್ವೊನಸೆಟ್ಟಿ ಇವರ ಹೆಸರುಗಳು ಅದರಲ್ಲಿವೆ. ಸೆಟ್ಟಿ ಎಂದೊಡನೆ ಅಂಗಡಿ, ತಕ್ಕಡಿ ನೆನಪಾಗುವುದು ಇಂದಿನ ಮಾತು. ಇಲ್ಲಿಯ ಸೆಟ್ಟಿಗಳು ಕಾಳಗಕ್ಕೆ ಇಳಿದವರು. ಹಲವೇ ಸಾಲುಗಳ ಈ ಬರಹದಲ್ಲಿ ಯಾರು ಯಾರ ಮೇಲೆ ಏರಿಹೋದರು, ಯಾರು ಗೆದ್ದರು ಎಂಬ ವಿವರವಿಲ್ಲ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ, 'ಕರ್ನಾಟಕ ಕವಿಚರಿತೆ'ಯ ಕರ್ತೃ ಆರ್. ನರಸಿಂಹಾಚಾರ್ ಅವರು 20ನೇ ಶತಮಾನದ ಆರಂಭದಲ್ಲಿ ಇದನ್ನು ವಿದ್ವಲ್ಲೋಕದ ಗಮನಕ್ಕೆ ತಂದರು.

ಈ ಸಾಲುಗಳಿಂದ ಜನಪ್ರಿಯ ಕಥೆಯೊಂದು ಬಿದ್ದುಹೋಗುತ್ತದೆ. ಹೊಯ್ಸಳ ದೊರೆ ವೀರಬಲ್ಲಾಳನು ಬೇಟೆಯಲ್ಲಿ ದಾರಿತಪ್ಪಿ ಬಂದಾಗ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳೆಂದೂ, ಅದರಿಂದ 'ಬೆಂದಕಾಳೂರು' ಆಯಿತೆಂದೂ ಹೇಳುವುದುಂಟು. ಇಮ್ಮಡಿ ವೀರಬಲ್ಲಾಳನು ಪಟ್ಟಕ್ಕೆ ಬಂದುದು 12ನೇ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೆ ಸುಮಾರು ಮುನ್ನೂರು ವರ್ಷಗಳ ಹಿಂದೆಯೇ ಬೆಂಗಳೂರಿನ ಹೆಸರು ಕಲ್ಲಿನ ಮೇಲೆ ಕೊರೆಯಲ್ಪಟ್ಟಿತ್ತು. ಕಥೆ ಸೊಗಸಾಗಿದೆ, ಕಾಲ ಮಾತ್ರ ಹೊಂದುವುದಿಲ್ಲ.

ನಾಗತ್ತರನ ಅಂತ್ಯವನ್ನು ಹೇಳುವ ಬೃಹತ್ ವೀರಗಲ್ಲು ಬೇರೆಯದೇ. ಮೂಲತಃ ಬೇಗೂರಿನದಾದ ಇದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದೆ. ಎರೆಯಪ್ಪರಸನು ಅಯ್ಯಪದೇವನ ನೆರವಿಗೆ ಸಾಮಂತರೊಡನೆ ನಾಗತ್ತರನನ್ನು ವೀರಮಹೇಂದ್ರನ ವಿರುದ್ಧ ಕಳುಹಿಸಿದನು. ತುಂಬೆಪಾಡಿಯಲ್ಲಿ ಕೈ ಕೈ ಮಿಲಾಯಿಸಿದಾಗ ನಾಗತ್ತರನು ಆನೆಯನ್ನು ಎದುರಿಸಿ ಕಾದಿ ಮಡಿದನು. ವೀರಮಹೇಂದ್ರನೆಂದರೆ ನೊಳಂಬರ ಮಹೇಂದ್ರನೇ ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಕಲ್ಲಿನಲ್ಲಿ ಆನೆ, ಕುದುರೆ, ಕಾಲಾಳುಗಳು ಒತ್ತೊತ್ತಾಗಿ ನುಗ್ಗುವ ರಣರಂಗವೇ ಮೂಡಿದೆ. ತುಂಬೆಪಾಡಿಯ ಕದನವನ್ನು ಬೆಂಗಳೂರು ಕಾಳಗದೊಂದಿಗೆ ಬೆರೆಸಿ ಬರೆಯುವವರಿದ್ದಾರೆ. ಎರಡೂ ಬೇರೆ ಬೇರೆ ಘಟನೆಗಳು, ಎರಡು ಬೇರೆ ಕಲ್ಲುಗಳಲ್ಲಿ ದಾಖಲಾದವು.

ಸಾವಿನ ಸುದ್ದಿ ಕೇಳಿ ಎರೆಯಪ್ಪರಸನು ಮೆಚ್ಚಿ, ಇರುಗನೆಂಬವನಿಗೆ 'ನಾಗತ್ತರ' ಪಟ್ಟವನ್ನು ಕಟ್ಟಿ, ಬೆಂಪೂರು-ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಮಡಿದ ವೀರನ ಗೌರವಾರ್ಥವಾಗಿ ಕೊಡುವ ಭೂಮಿಯೇ ಕಲ್ನಾಡು. ಹೆಸರೇ ಪಟ್ಟವಾಗಿ ಕೈ ಬದಲಾಯಿಸಿದ್ದನ್ನು ನೋಡಿದರೆ, 'ನಾಗತ್ತರ' ಎಂಬುದು ಅಧಿಕಾರವಾಚಕವೂ ಆಗಿತ್ತೆಂದು ತೋರುತ್ತದೆ. ದತ್ತಿಯ ಹನ್ನೆರಡು ಹಳ್ಳಿಗಳ ಪಟ್ಟಿಯಲ್ಲಿ ಬರುವ ಕೂಡಲೆ, ಎಳ್ಕುಂಟೆ, ಇಗ್ಗಲೂರುಗಳನ್ನು ಇಂದಿನ ಕೂಡ್ಲು, ಎಳ್ಳುಕುಂಟೆ, ಇಗ್ಗಲೂರುಗಳೆಂದು ಗುರುತಿಸಲಾಗುತ್ತದೆ. ಐಟಿ ಕಂಪನಿಗಳ ಬಸ್ಸುಗಳು ಬೆಳಗು ಬೈಗು ಹಾದುಹೋಗುವ ಇದೇ ಪ್ರದೇಶ ಅಂದು ಒಬ್ಬ ಸಾಮಂತನ ಆಳಿಕೆಗೆ ಸಾಕಾಗುವಷ್ಟು ನಾಡಾಗಿತ್ತು.

ಬೆಂಗಳೂರು ಸುತ್ತಮುತ್ತ ಕೆರೆ ಒತ್ತುವರಿ, ರಸ್ತೆ ವಿಸ್ತರಣೆ, ಬಡಾವಣೆ ನಿರ್ಮಾಣಗಳ ಭರದಲ್ಲಿ ಅನೇಕ ಶಾಸನಗಳು ಕಣ್ಮರೆಯಾಗಿವೆ. ಕಲ್ಲು ಹೋದರೂ ಅಕ್ಷರ ಉಳಿಯಲೆಂದು ಮಿಥಿಕ್ ಸೊಸೈಟಿಯು 2021ರಲ್ಲಿ ನಗರದ ಶಾಸನಗಳ ಮೂರು ಆಯಾಮದ ಡಿಜಿಟಲ್ ಸ್ಕ್ಯಾನಿಂಗ್ ಕಾರ್ಯವನ್ನು ಕೈಗೆತ್ತಿಕೊಂಡಿತು.