ಕಿರಣ ನೋದನ

ನೆಲದಿಂದ ಹಾಯಿಸಿದ ಲೇಸರ್ ಅಥವಾ ಮೈಕ್ರೋವೇವ್ ಕಿರಣದ ಶಕ್ತಿಯಿಂದ ನೌಕೆಯನ್ನು ಕಕ್ಷೆಗೆ ಏರಿಸುವ ವಿಧಾನ. ನೌಕೆ ನೋದಕವನ್ನಷ್ಟೇ (ಹಿಂದಕ್ಕೆ ಚಿಮ್ಮಿ ನೌಕೆಯನ್ನು ಮುಂದೂಡುವ ದ್ರವ್ಯ) ಹೊರುತ್ತದೆ, ಅದನ್ನು ಕಾಯಿಸುವ ಒಲೆ ನೆಲದಲ್ಲೇ ಉಳಿಯುತ್ತದೆ. ಈ ದಾರಿಯಲ್ಲಿ ಇದುವರೆಗೆ ಯಾವ ನೌಕೆಯೂ ಕಕ್ಷೆ ಮುಟ್ಟಿಲ್ಲ.

ಇಂದಿನ ರಾಕೆಟ್ಟುಗಳಾದರೋ ಒಲೆಯನ್ನೂ ಹೊತ್ತೇ ಏರುತ್ತವೆ. ಇಸ್ರೋದ ಎಲ್‌ವಿಎಂ3 ರಾಕೆಟ್ಟಿನ ತೂಕ ಸುಮಾರು 640 ಟನ್. ಅದು ಭೂಸ್ಥಿರ ವರ್ಗಾವಣೆ ಕಕ್ಷೆಗೆ ಮುಟ್ಟಿಸುವುದು 4 ಟನ್ ಸರಕು. ಮಿಕ್ಕ ಭಾರದಲ್ಲಿ ಬಹುಪಾಲು ನೋದಕವೇ. ಅದರ ಮೇಲಿನ ಹಂತದಲ್ಲಿರುವ ಸಿಇ-20 ಎಂಜಿನ್ನು ಹೈಡ್ರೋಜನ್ನನ್ನು ಆಮ್ಲಜನಕದೊಡನೆ ಉರಿಸಿ, ಅನಿಲವನ್ನು ಸೆಕೆಂಡಿಗೆ 4 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಹೊರದೂಡುತ್ತದೆ. ರಾಸಾಯನಿಕ ಉರಿಗೆ ಇದು ಹೆಚ್ಚುಕಡಿಮೆ ಕೊನೆಯ ಮಿತಿ, ಏಕೆಂದರೆ ಉರಿದಾಗ ಹುಟ್ಟುವ ನೀರಾವಿಯ ಅಣುಭಾರ 18. ಬರೀ ಹೈಡ್ರೋಜನ್ನಿನ ಅಣುಭಾರ 2. ಅದನ್ನು ಉರಿಸದೆ, ಹೊರಗಿನ ಕಿರಣದಿಂದ ಕಾಯಿಸಿ ಚಿಮ್ಮಿಸಿದರೆ ವೇಗ ಸುಮಾರು ಇಮ್ಮಡಿಯಾಗುತ್ತದೆ.

1972ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್ಥರ್ ಕಾಂಟ್ರೊವಿಟ್ಜ್ ಇದನ್ನು ಲೇಸರಿನಿಂದ ಸಾಧಿಸಬಹುದೆಂದು ವಾದಿಸಿದ. ತೊಡಕು ತತ್ತ್ವದ್ದಲ್ಲ, ವಿದ್ಯುತ್ತಿನದು. ಒಂದು ಟನ್ ಸರಕಿಗೆ ಸುಮಾರು ಒಂದು ಗಿಗಾವಾಟ್ ಕಿರಣ ಬೇಕೆಂಬುದು ಸ್ಥೂಲ ಲೆಕ್ಕ. ಶರಾವತಿ ವಿದ್ಯುದಾಗಾರದ ಹತ್ತೂ ಟರ್ಬೈನುಗಳು ಪೂರ್ತಿ ತಿರುಗಿದರೆ ಸಿಗುವುದು 1,035 ಮೆಗಾವಾಟ್. ಲೇಸರ್ ತಾನು ಹೀರಿದ ವಿದ್ಯುತ್ತಿನಲ್ಲಿ ಒಂದು ಪಾಲನ್ನಷ್ಟೇ ಬೆಳಕಾಗಿಸುವುದರಿಂದ, ಏರಾಟದ ಆ ಕೆಲವು ನಿಮಿಷಗಳಿಗೆ ಶರಾವತಿಯೂ ಸಾಲದು!

ನಿಜಕ್ಕೂ ಹಾರಿದ್ದು ಅಂಗೈಯಗಲದ ಆಟಿಕೆಯಂಥ ವಸ್ತು. ಎಂಜಿನಿಯರ್ ಲೀಕ್ ಮೈರಾಬೋ ರೂಪಿಸಿದ, 12.2 ಸೆಂ.ಮೀ. ವ್ಯಾಸದ 'ಲೈಟ್‌ಕ್ರಾಫ್ಟ್' 2000ದ ಅಕ್ಟೋಬರ್ 2ರಂದು ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ 10 ಕಿಲೋವಾಟ್ ಲೇಸರಿನ ಮಿಡಿತಗಳ ಮೇಲೆ 71 ಮೀಟರ್ ಏರಿತು. ಬುಗುರಿಯಂತೆ ಗಿರಗಿರನೆ ತಿರುಗುತ್ತಿದ್ದುದರಿಂದಲೇ ಅದು ಕಿರಣದಿಂದ ಜಾರಲಿಲ್ಲ. ಹಾರಾಟ ಮುಗಿದದ್ದು 12.7 ಸೆಕೆಂಡಿನಲ್ಲಿ.

ಲೇಸರಿಗೆ ಮೋಡ ಶತ್ರು. ಆಗುಂಬೆಯಂಥ ಕಡೆ ಇಂಥ ಉಡಾವಣಾ ನೆಲೆ ಕಟ್ಟಿದರೆ ವರ್ಷದ ಅರ್ಧ ರಜೆ.

ಹಾಗಾಗಿ ಮೋಡವನ್ನು ಹೆಚ್ಚು ಸುಲಭವಾಗಿ ದಾಟುವ ಮೈಕ್ರೋವೇವ್ ಕಡೆಗೂ ಗಮನ ಹರಿಯಿತು. ಅದನ್ನು ಹೊಮ್ಮಿಸುವ ಸಾಧನ ಜೈರೊಟ್ರಾನ್ ಎಂಬ ನಿರ್ವಾತ ಕೊಳವೆ; ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ಪರಮಾಣು ಸಮ್ಮಿಲನ ಪ್ರಯೋಗಗಳಿಗಾಗಿ ಪ್ಲಾಸ್ಮಾ ಕಾಯಿಸುವುದೂ ಇದೇ. ಜಪಾನಿನ ಸಂಶೋಧಕರು ಜೈರೊಟ್ರಾನಿನಿಂದ ಪುಟ್ಟ ಮಾದರಿಗಳನ್ನು ಮೇಲೆಬ್ಬಿಸಿದ್ದಾರೆ. ಅಮೆರಿಕದ ಕೊಲರಾಡೋದಲ್ಲಿದ್ದ ಎಸ್ಕೇಪ್ ಡೈನಾಮಿಕ್ಸ್ ಕಂಪನಿ ಮೈಕ್ರೋವೇವ್ ನೋದನ ವ್ಯವಸ್ಥೆಯೊಂದನ್ನು 2015ರಲ್ಲಿ ಪ್ರಯೋಗಾಲಯದಲ್ಲಿ ನಡೆಸಿ ತೋರಿಸಿತು. ಬಂಡವಾಳ ಹುಟ್ಟದೆ ಅದೇ ವರ್ಷದ ಕೊನೆಗೆ ಬಾಗಿಲು ಹಾಕಿತು.